ಒಂಬತ್ತು ಗಂಟೆಯ ಗೇಟು

ಸಂಘದ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಕೇಳಿದಾಗ ನಾನು ಹಿಂಜರಿದೆ. ನಾನು ಸಾಹಿತಿಯಲ್ಲ. ಇಪ್ಪತ್ತೈದು ವರ್ಷಗಳಿಂದ ಎಲೆಕ್ಟ್ರಾನಿಕ್ ಚಿಪ್ಪುಗಳೊಳಗಿನ ತರ್ಕಜಾಲಗಳನ್ನು ರಚಿಸಿ, ಅವು ಸರಿಯಾಗಿ ನಡೆಯುತ್ತವೆಯೇ ಎಂದು ಪರೀಕ್ಷಿಸುವುದೇ ನನ್ನ ಕಸುಬು. ಹಾಗೆಂದು ಹೇಳಿದೆ. ಅದಕ್ಕೆ ಅವರು, "ಅದನ್ನೇ ಬರೆಯಿರಿ. ನಮ್ಮ ಮನೆಗಳ ಮಕ್ಕಳಲ್ಲಿ ಎಷ್ಟೋ ಮಂದಿ ಆ ಕೆಲಸಕ್ಕೆಂದೇ ಬೆಂಗಳೂರಿಗೆ ಹೋಗಿದ್ದಾರೆ. ಅಲ್ಲಿ ಅವರು ಏನು ಮಾಡುತ್ತಾರೆಂಬುದು ನಮಗೆ ಗೊತ್ತೇ ಇಲ್ಲ" ಎಂದರು. ಆ ಮಾತು ನಿಜವೆನಿಸಿತು. ಆದುದರಿಂದ ನನ್ನ ಕಸುಬಿನ ಒಂದು ಸಣ್ಣ ಭಾಗವನ್ನೂ, ಅದರೊಡನೆ ಬಹುಕಾಲ ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಒಂದು ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲರಿಗೂ ಗೊತ್ತಿರುವ ಒಂದು ಗೇಟಿನಿಂದ ಆರಂಭಿಸುತ್ತೇನೆ. ಸುಲ್ತಾನ್ ಬತ್ತೇರಿಯಿಂದ ಮುತ್ತಂಗ, ಗುಂಡ್ಲುಪೇಟೆಗಳ ಮೂಲಕ ಮೈಸೂರಿಗೆ ಹೋಗುವ ಹೆದ್ದಾರಿ ಬಂಡೀಪುರದ ಕಾಡನ್ನು ಹಾಯ್ದು ಹೋಗುತ್ತದೆ. ಹಿಂದೆ ಅದರ ಸಂಖ್ಯೆ 212, ಈಗ 766. ಕಾಡುಪ್ರಾಣಿಗಳ ರಕ್ಷಣೆಗಾಗಿ 2009ರಿಂದ ಆ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರವನ್ನು ನಿಲ್ಲಿಸಲಾಗಿದೆ. 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ನಿಷೇಧದ ಸರಿತಪ್ಪುಗಳ ಚರ್ಚೆ ಈ ಲೇಖನದ ವಿಷಯವಲ್ಲ. ಒಂದು ವರ್ಷ ದೀಪಾವಳಿಗೆಂದು ಬೆಂಗಳೂರಿನಿಂದ ಊರಿಗೆ ಹೊರಟವನು, ನಂಜನಗೂಡಿನ ಹತ್ತಿರ ಟೈರು ಪಂಕ್ಚರ್ ಆಗಿ, ಮದ್ದೂರಿನ ಗೇಟನ್ನು ತಲುಪುವಾಗ ಒಂಬತ್ತು ಗಂಟೆ ಹತ್ತು ನಿಮಿಷವಾಗಿತ್ತು. ನಾನು ಹಿಡಿದ ದಾರಿ ಸರಿಯಾಗಿತ್ತು, ಕಾರು ಸರಿಯಾಗಿತ್ತು, ಹೋಗಬೇಕಾದ ಊರೂ ಸರಿಯಾಗಿತ್ತು. ಹತ್ತು ನಿಮಿಷ ತಡವಾದುದರಿಂದ ಒಂಬತ್ತು ಗಂಟೆ ಕಾಲ ಕಾರಿನಲ್ಲೇ ಮಲಗಿದೆ. ಹಬ್ಬದ ಎಣ್ಣೆಸ್ನಾನದ ಹೊತ್ತು ಮೀರಿದ ಮೇಲೆ ಮನೆ ಸೇರಿದೆ.

ನನ್ನ ಕಸುಬಿನ ಸಾರಾಂಶವೆಲ್ಲ ಆ ಹತ್ತು ನಿಮಿಷದಲ್ಲಿದೆ.

ನಾನು ಕೆಲಸ ಮಾಡುವ ಚಿಪ್ಪಿಗೆ ಫೀಲ್ಡ್ ಪ್ರೋಗ್ರಾಮಬಲ್ ಗೇಟ್ ಅರೇ ಎಂದು ಹೆಸರು. ಚಿಕ್ಕದಾಗಿ ಎಫ್‌ಪಿಜಿಎ ಎನ್ನುತ್ತಾರೆ. ಸಾಮಾನ್ಯ ಚಿಪ್ಪು ಕಾರ್ಖಾನೆಯಿಂದ ಹೊರಬರುವಾಗಲೇ ಅದರ ಕೆಲಸ ನಿಶ್ಚಿತವಾಗಿರುತ್ತದೆ. ಎಫ್‌ಪಿಜಿಎ ಹಾಗಲ್ಲ. ಅದರೊಳಗೆ ಸಣ್ಣ ಸಣ್ಣ ತರ್ಕಘಟಕಗಳು ಸಾಲುಸಾಲಾಗಿರುತ್ತವೆ, ಅವುಗಳ ನಡುವೆ ತಂತಿಗಳ ಜಾಲವಿರುತ್ತದೆ. ಯಾವ ಘಟಕ ಏನು ಮಾಡಬೇಕು, ಯಾವ ತಂತಿ ಯಾವುದಕ್ಕೆ ಸೇರಬೇಕು ಎಂಬುದನ್ನು ಕೊಂಡುಕೊಂಡವನೇ ನಿರ್ಧರಿಸುತ್ತಾನೆ, ಬೇಕಾದರೆ ನಾಳೆ ಬದಲಾಯಿಸುತ್ತಾನೆ. 1985ರಲ್ಲಿ ಅಮೆರಿಕದ ಜೈಲಿಂಕ್ಸ್ ಸಂಸ್ಥೆ ಹೊರತಂದ ಇಂತಹ ಮೊದಲ ಚಿಪ್ಪಿನಲ್ಲಿ ಇದ್ದದ್ದು 64 ಘಟಕಗಳು ಮಾತ್ರ. ಇಂದಿನವುಗಳಲ್ಲಿ ಲಕ್ಷಗಟ್ಟಲೆ ಇರುತ್ತವೆ. ಮೊಬೈಲ್ ಗೋಪುರಗಳಲ್ಲಿ, ಆಸ್ಪತ್ರೆಯ ಯಂತ್ರಗಳಲ್ಲಿ, ಉಪಗ್ರಹಗಳಲ್ಲಿ ಇವು ಕೆಲಸ ಮಾಡುತ್ತವೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಿಶ್ವದ ಮೊದಲ ನಕ್ಷತ್ರಗಳ ಕಾಲದ ಕ್ಷೀಣ ರೇಡಿಯೋ ಸಂಕೇತವನ್ನು ಹುಡುಕಲು 2020ರ ಆರಂಭದಲ್ಲಿ ದಂಡಿಗಾನಹಳ್ಳಿಯ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿಬಿಟ್ಟ 'ಸರಸ್' ಎಂಬ ದೂರದರ್ಶಕದ ಗ್ರಾಹಕದೊಳಗೂ ಎಫ್‌ಪಿಜಿಎ ಇತ್ತು.

ಈ ಚಿಪ್ಪಿನೊಳಗೆ ಒಂದು ಗಡಿಯಾರವಿದೆ. ಅದು ಸೆಕೆಂಡಿಗೆ ಹತ್ತು ಕೋಟಿ ಸಲ ಮಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಆಗ ಎರಡು ಮಿಡಿತಗಳ ನಡುವೆ ಇರುವ ಕಾಲ ಹತ್ತು ನ್ಯಾನೊಸೆಕೆಂಡು. ಬೆಳಕು ಕೂಡ ಅಷ್ಟರಲ್ಲಿ ಮೂರು ಮೀಟರು ಮಾತ್ರ ಸಾಗೀತು. ಚಿಪ್ಪಿನ ಸಾವಿರಾರು ಕಡೆಗಳಲ್ಲಿ ಫ್ಲಿಪ್‌ಫ್ಲಾಪ್ ಎಂಬ ಕಾವಲುಗಾರರಿದ್ದಾರೆ. ಪ್ರತಿಯೊಂದು ಮಿಡಿತಕ್ಕೂ ಅವರು ತಮ್ಮ ಬಾಗಿಲಿಗೆ ಬಂದಿರುವುದು ಸೊನ್ನೆಯೋ ಒಂದೋ ಎಂದು ನೋಡಿ ಬರೆದುಕೊಳ್ಳುತ್ತಾರೆ. ಸಂಕೇತವು ಮಿಡಿತಕ್ಕಿಂತ ಸ್ವಲ್ಪ ಮೊದಲೇ ಬಂದು ನಿಂತಿರಬೇಕು. ಇದನ್ನು ಸೆಟಪ್ ಸಮಯ ಎನ್ನುತ್ತೇವೆ. ಬರೆದು ಮುಗಿಯುವವರೆಗೆ ಅದು ಅಲುಗಾಡಬಾರದು. ಇದು ಹೋಲ್ಡ್ ಸಮಯ. ಗೇಟಿನ ಕಾವಲುಗಾರ ನಂಬರು ಬರೆದುಕೊಳ್ಳುವ ಮೊದಲೇ ಗಾಡಿ ಹೊರಟುಬಿಟ್ಟರೆ ಪುಸ್ತಕದಲ್ಲಿ ಅರ್ಧ ನಂಬರು ಉಳಿಯುತ್ತದಲ್ಲವೇ, ಹಾಗೆ.

ಇನ್ನು ಪರೀಕ್ಷೆಯ ವಿಷಯ. ನಾವು ವೆರಿಲಾಗ್ ಅಥವಾ ವಿಎಚ್‌ಡಿಎಲ್ ಎಂಬ ಭಾಷೆಯಲ್ಲಿ ತರ್ಕವನ್ನು ಬರೆದು, ಕಂಪ್ಯೂಟರಿನಲ್ಲಿ ಅದನ್ನು ನಟಿಸಿ ನೋಡುತ್ತೇವೆ. ಈ ನಟನೆಯೇ ಸಿಮ್ಯುಲೇಶನ್. ಮೊದಲನೆಯ ಬಗೆಯ ಸಿಮ್ಯುಲೇಶನ್‌ನಲ್ಲಿ ದಾರಿಯ ಲೆಕ್ಕವೇ ಇಲ್ಲ. ಸಂಕೇತ ಹೊರಟ ಕ್ಷಣವೇ ತಲುಪಿತೆಂದು ಭಾವಿಸಿ, ಉತ್ತರ ಸರಿಯಿದೆಯೇ ಎಂದಷ್ಟೇ ನೋಡುತ್ತೇವೆ. ಭೂಪಟದ ಮೇಲೆ ಕೋಲಿಟ್ಟು ಕೋಯಿಕ್ಕೋಡಿನಿಂದ ಕಲ್ಪೆಟ್ಟಕ್ಕೆ ಎಷ್ಟು ದೂರವೆಂದು ಅಳೆದಂತೆ ಇದು. ಆದರೆ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಹತ್ತಿದವರಿಗೆ ಕೋಲಿನ ಅಳತೆಯ ಬೆಲೆ ಎಷ್ಟೆಂದು ಗೊತ್ತಿದೆ. ನಾವು ಬರೆದ ತರ್ಕವನ್ನು ತಂತ್ರಾಂಶವು ಚಿಪ್ಪಿನ ಘಟಕಗಳಲ್ಲಿ ಕೂರಿಸಿ, ತಂತಿಗಳಿಂದ ಜೋಡಿಸಿದ ಮೇಲೆಯೇ ಯಾವ ಸಂಕೇತಕ್ಕೆ ನೇರ ದಾರಿ ಸಿಕ್ಕಿತು, ಯಾವುದಕ್ಕೆ ಘಾಟಿಯ ದಾರಿ ಬಿತ್ತು ಎಂಬುದು ತಿಳಿಯುವುದು. ಆ ವಿಳಂಬಗಳನ್ನೆಲ್ಲ ತಂತ್ರಾಂಶ ಎಸ್‌ಡಿಎಫ್ ಎಂಬ ಕಡತವೊಂದರಲ್ಲಿ ಬರೆದುಕೊಡುತ್ತದೆ. ಚಿಪ್ಪು ಚುರುಕಾಗಿದ್ದಾಗಿನ ಕನಿಷ್ಠ ವಿಳಂಬ, ಬಿಸಿಯಾಗಿ ನಿಧಾನವಾದಾಗಿನ ಗರಿಷ್ಠ ವಿಳಂಬ, ಎರಡಕ್ಕೂ ಅದರಲ್ಲಿ ಜಾಗವಿದೆ. ಅದನ್ನು ತರ್ಕದ ಮೇಲೆ ಹೊದಿಸಿ ಮತ್ತೊಮ್ಮೆ ನಟಿಸಿ ನೋಡುವುದೇ ಟೈಮಿಂಗ್ ಸಿಮ್ಯುಲೇಶನ್. ಮೊದಲನೆಯದು ನಿಮಿಷಗಳಲ್ಲಿ ಮುಗಿದರೆ ಇದಕ್ಕೆ ಇಡೀ ರಾತ್ರಿ ಹಿಡಿಯುವುದುಂಟು. ಇಲ್ಲಿ ಸಂಕೇತವೊಂದು ತಡವಾಗಿ ಬಂದರೆ ಕಾವಲುಗಾರನು ಸೊನ್ನೆ ಎಂದೂ ಬರೆಯುವುದಿಲ್ಲ, ಒಂದು ಎಂದೂ ಬರೆಯುವುದಿಲ್ಲ. ಎಕ್ಸ್ ಎಂದು ಬರೆಯುತ್ತಾನೆ. ಎಕ್ಸ್ ಎಂದರೆ 'ನನಗೆ ತಿಳಿಯದು' ಎಂದರ್ಥ.

ಇಷ್ಟು ಹೊತ್ತು ಹಿಡಿಯುವುದರಿಂದ ಅನೇಕ ಎಂಜಿನಿಯರುಗಳು ಇದನ್ನು ಬಿಟ್ಟೇಬಿಡುತ್ತಾರೆ. ಅದು ಪೂರ್ತಿ ತಪ್ಪೆಂದು ಹೇಳಲಾರೆ. ನಟನೆಯ ಗೋಜಿಲ್ಲದೆ, ಎಲ್ಲ ದಾರಿಗಳ ವಿಳಂಬವನ್ನೂ ಕೂಡಿ ಕಳೆದು ಲೆಕ್ಕ ಹೇಳುವ ಇನ್ನೊಂದು ವಿಧಾನವಿದೆ. ಅದಕ್ಕೆ ಸ್ಟ್ಯಾಟಿಕ್ ಟೈಮಿಂಗ್ ಅನಾಲಿಸಿಸ್ ಎಂದು ಹೆಸರು. ಅದು ಬೇಗ ಮುಗಿಯುತ್ತದೆ, ಒಂದು ದಾರಿಯನ್ನೂ ಬಿಡುವುದಿಲ್ಲ. ಆದರೆ ಅದಕ್ಕೊಂದು ಮಿತಿಯಿದೆ: ನಾವು ಹೇಳಿದ್ದನ್ನು ಅದು ನಂಬುತ್ತದೆ. 'ಈ ದಾರಿಯನ್ನು ಲೆಕ್ಕಕ್ಕೆ ಹಿಡಿಯಬೇಡ' ಎಂದು ನಾವು ಬರೆದುಕೊಟ್ಟರೆ, ಅದು ಆ ದಾರಿಯ ಕಡೆ ತಿರುಗಿಯೂ ನೋಡುವುದಿಲ್ಲ. ಟೈಮಿಂಗ್ ಸಿಮ್ಯುಲೇಶನ್‌ಗೆ ನಮ್ಮ ಆ ಮಾತಿನ ಹಂಗಿಲ್ಲ. ತಡವಾದದ್ದನ್ನು ತಡವೆಂದೇ ಅದು ಹೇಳುತ್ತದೆ.

ನನ್ನ ತಪ್ಪು ನಡೆದದ್ದು ಇಲ್ಲಿಯೇ.

2007ರಲ್ಲಿ ನಾನು ಬೆಂಗಳೂರಿನ ಸಣ್ಣ ಸಂಸ್ಥೆಯೊಂದರಲ್ಲಿ ತಂಡದ ಮುಖ್ಯಸ್ಥನಾಗಿದ್ದೆ. ನೂಲಿನ ಗಿರಣಿಗಾಗಿ ಒಂದು ಯಂತ್ರವನ್ನು ತಯಾರಿಸುತ್ತಿದ್ದೆವು. ಓಡುವ ನೂಲಿನಲ್ಲಿ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಗುರುತಿಸಿ, ದೋಷವಿದ್ದಲ್ಲಿ ಕತ್ತರಿಸುವುದು ಅದರ ಕೆಲಸ. ಎಣಿಕೆಯ ಭಾಗವನ್ನು ಬರೆದವಳು ಹಾಸನದ ಕಡೆಯ ಒಬ್ಬ ಹುಡುಗಿ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಒಪ್ಪವಾಗಿ ಬರೆಯುತ್ತಿದ್ದಳು, ಕಡಿಮೆ ಮಾತನಾಡುತ್ತಿದ್ದಳು. ಯಾವ ದಾರಿಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬ ಪಟ್ಟಿಯನ್ನು ಬರೆದವನು ನಾನು. ಎರಡು ಬೇರೆ ಬೇರೆ ಗಡಿಯಾರಗಳ ನಡುವಿನ ದಾರಿಗಳನ್ನು ಒಂದೇ ಸಾಲಿನಲ್ಲಿ ಬಿಟ್ಟುಬಿಡಲೆಂದು, ಹೆಸರಿನ ಮೊದಲ ಅಕ್ಷರಗಳನ್ನಷ್ಟೇ ಬರೆದು ಮುಂದೆ ಒಂದು ನಕ್ಷತ್ರ ಚಿಹ್ನೆಯನ್ನು ಹಾಕಿದೆ. ಅದೇ ಅಕ್ಷರಗಳಿಂದ ಆರಂಭವಾಗುವ, ಆದರೆ ಲೆಕ್ಕಕ್ಕೆ ಹಿಡಿಯಲೇಬೇಕಾಗಿದ್ದ ಇನ್ನೊಂದು ದಾರಿ ಅವಳ ಭಾಗದಿಂದ ಹೊರಡುತ್ತಿತ್ತು. ಅದೂ ಆ ನಕ್ಷತ್ರದೊಳಗೆ ಸೇರಿಹೋಯಿತು.

ಟೈಮಿಂಗ್ ಸಿಮ್ಯುಲೇಶನ್ ನಡೆಸುವ ಹೊಣೆಯೂ ನನ್ನದೇ. ಆಗ ನಾನು ಎಲ್ಲವನ್ನೂ ಪರದೆಯ ಮೇಲಿನ ಕಿಟಕಿಗಳಲ್ಲಿ ಮೌಸು ಒತ್ತಿ ಮಾಡುತ್ತಿದ್ದೆ: ಇಲ್ಲಿ ಒತ್ತಿ ಕಡತ ತೆರೆ, ಅಲ್ಲಿ ಒತ್ತಿ ಎಸ್‌ಡಿಎಫ್ ಆರಿಸು, ಮತ್ತೊಂದು ಕಡೆ ಒತ್ತಿ ಓಡಿಸು. ಒಂದು ಗುರುವಾರ ಚಿಪ್ಪಿನ ವಿನ್ಯಾಸವನ್ನು ಕೊನೆಯ ಸಲ ಹೊಸದಾಗಿ ಜೋಡಿಸಿದೆವು. ಆ ರಾತ್ರಿ ಸಿಮ್ಯುಲೇಶನ್ ಓಡಿಸಿ ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ ತಪ್ಪೊಂದೂ ಇರಲಿಲ್ಲ. ವರದಿಯಲ್ಲಿ 'ತೇರ್ಗಡೆ' ಎಂದು ಬರೆದೆ.

ಯಂತ್ರ ನಮ್ಮ ಪ್ರಯೋಗಾಲಯದಲ್ಲಿ ಒಂದು ತಿಂಗಳು ನಿರಾತಂಕವಾಗಿ ನಡೆಯಿತು. ಅಲ್ಲಿ ಹವಾನಿಯಂತ್ರಣವಿತ್ತು. ಗಿರಣಿಯ ಸೆಕೆಯಲ್ಲಿ ಮೂರೋ ನಾಲ್ಕೋ ಗಂಟೆಗೊಮ್ಮೆ ಒಳ್ಳೆಯ ನೂಲನ್ನು ಕತ್ತರಿಸತೊಡಗಿತು. ಯಂತ್ರ ಹಿಂದಿರುಗಿ ಬಂತು. ಸಭೆ ಸೇರಿತು. ಎಣಿಕೆ ತಪ್ಪುತ್ತಿದೆ ಎಂದಾಗ, "ಎಣಿಕೆಯ ಭಾಗ ಯಾರದು?" ಎಂದು ಮೇಲಿನವರು ಕೇಳಿದರು. ಎಲ್ಲರೂ ಅವಳ ಕಡೆ ನೋಡಿದರು. "ಸಿಮ್ಯುಲೇಶನ್ ತೇರ್ಗಡೆಯಾಗಿದೆ, ನಾನು ಇನ್ನೊಮ್ಮೆ ಪರಿಶೀಲಿಸುತ್ತೇನೆ" ಎಂದು ನಾನು ಹೇಳಿದೆ. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ.

ಎರಡು ದಿನಗಳ ಬಳಿಕ ರಾತ್ರಿ ಒಬ್ಬನೇ ಕುಳಿತು ಕಡತಗಳ ತಾರೀಖುಗಳನ್ನು ನೋಡಿದೆ. ನಾನು ಆರಿಸಿದ್ದ ಎಸ್‌ಡಿಎಫ್ ಕಡತ ಗುರುವಾರದ್ದಲ್ಲ, ಹಿಂದಿನ ಸೋಮವಾರದ್ದು. ಕಿಟಕಿಯಲ್ಲಿ ಹಳೆಯ ಹೆಸರು ಹಾಗೆಯೇ ಉಳಿದಿತ್ತು. ನಾನು ಗಮನಿಸದೆ ಒತ್ತಿದ್ದೆ. ಸೋಮವಾರದ ವಿನ್ಯಾಸದಲ್ಲಿ ಆ ದಾರಿ ಚಿಕ್ಕದಾಗಿತ್ತು, ಗುರುವಾರದ್ದರಲ್ಲಿ ಸುತ್ತಿ ಬಳಸಿ ಹೋಗುತ್ತಿತ್ತು. ನಾವು ಕಳುಹಿಸಿದ ಚಿಪ್ಪನ್ನು ನಾನು ಪರೀಕ್ಷಿಸಿಯೇ ಇರಲಿಲ್ಲ. ಅವಳು ಬರೆದುದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಮರುದಿನ ನನ್ನ ಪಟ್ಟಿಯ ಸಾಲನ್ನು ತಿದ್ದಿ, ಮರುಜೋಡಣೆ ಮಾಡಿಸಿದೆ. ತೊಂದರೆ ಹೋಯಿತು. ವರದಿಯಲ್ಲಿ ನಾನು ಬರೆದ ವಾಕ್ಯ ಇಂದಿಗೂ ನೆನಪಿದೆ: 'ಎಣಿಕೆಯ ಭಾಗಕ್ಕೆ ಸಂಬಂಧಿಸಿದ ದೋಷವನ್ನು ಸರಿಪಡಿಸಲಾಗಿದೆ.' ಯಾರ ದೋಷವೆಂದು ಆ ವಾಕ್ಯ ಹೇಳುವುದಿಲ್ಲ. ಓದಿದವರು ತಮಗೆ ತೋರಿದಂತೆ ಅರ್ಥ ಮಾಡಿಕೊಂಡರು. ಅವರು ಹಾಗೆ ಅರ್ಥ ಮಾಡಿಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು. ಮುಂದಿನ ವಾರ ಹೇಳೋಣ, ಯಂತ್ರ ಗಿರಣಿಗೆ ತಲುಪಲಿ, ಸಂಬಳದ ಪರಿಶೀಲನೆ ಮುಗಿಯಲಿ ಎಂದು ದಿನ ದೂಡಿದೆ. ಆ ವರ್ಷ ಅವಳಿಗೆ ಸಂಬಳದ ಏರಿಕೆ ಸಿಗಲಿಲ್ಲ. ಮೂರು ತಿಂಗಳಲ್ಲಿ ಮನೆಯ ಕಾರಣ ಹೇಳಿ ಕೆಲಸ ಬಿಟ್ಟು ಹೋದಳು. ಬೀಳ್ಕೊಡುವಾಗ ನಾವೆಲ್ಲ ಸೇರಿ ಒಂದು ಗೋಡೆಗಡಿಯಾರವನ್ನು ಉಡುಗೊರೆ ಕೊಟ್ಟೆವು.

ಅವಳು ಹೋದ ಮೇಲೆ ನಾನು ಮೌಸನ್ನು ಬಿಟ್ಟು, ಎಲ್ಲವನ್ನೂ ಆಜ್ಞೆಗಳ ಕಡತವಾಗಿ ಬರೆಯಲು ಕಲಿತೆ. ಇದನ್ನು ನಾವು ಸ್ಕ್ರಿಪ್ಟ್ ಎನ್ನುತ್ತೇವೆ. ಅಡುಗೆಯವನ ಕೈಗೆ ಕೊಡುವ ಚೀಟಿಯಂತೆ, ಒಂದರ ಕೆಳಗೊಂದು ಮಾಡಬೇಕಾದ ಕೆಲಸಗಳು. ಈ ತಂತ್ರಾಂಶಗಳಲ್ಲಿ ಹೆಚ್ಚಿನವು ಟಿಕಲ್ ಎಂಬ ಆಜ್ಞಾಭಾಷೆಯನ್ನು ತಿಳಿಯುತ್ತವೆ. ಅದು 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಜಾನ್ ಔಸ್ಟರ್‌ಹೌಟ್ ಅವರು ರಚಿಸಿದ್ದು. ನನ್ನ ಸ್ಕ್ರಿಪ್ಟಿನ ಮೊದಲ ಕೆಲಸ, ಹಿಂದಿನ ಸಲದ ಕಡತಗಳನ್ನೆಲ್ಲ ಅಳಿಸುವುದು. ಎರಡನೆಯದು, ಈಗಿನ ವಿನ್ಯಾಸದಿಂದಲೇ ಜೋಡಣೆಯ ಪಟ್ಟಿಯನ್ನೂ ಎಸ್‌ಡಿಎಫ್ ಕಡತವನ್ನೂ ಹೊಸದಾಗಿ ಬರೆಸುವುದು. ಮೂರನೆಯದು, ಅವೆರಡನ್ನೂ ಚಿಪ್ಪು ತಯಾರಕರು ಕೊಟ್ಟ ಘಟಕಗಳ ಗ್ರಂಥಾಲಯದೊಡನೆ ಸೇರಿಸಿ ಕಟ್ಟುವುದು. ವಿವಾಡೊ ತಂತ್ರಾಂಶದಲ್ಲಾದರೆ ಎಕ್ಸ್‌ವಿಲಾಗ್, ಎಕ್ಸ್‌ಇಲ್ಯಾಬ್, ಎಕ್ಸ್‌ಸಿಮ್ ಎಂಬ ಮೂರು ಆಜ್ಞೆಗಳು ಈ ಕ್ರಮದಲ್ಲಿ ಬರುತ್ತವೆ. ನಾಲ್ಕನೆಯದು, ಗರಿಷ್ಠ ವಿಳಂಬದಲ್ಲಿ ಒಮ್ಮೆ, ಕನಿಷ್ಠ ವಿಳಂಬದಲ್ಲಿ ಇನ್ನೊಮ್ಮೆ ಓಡಿಸುವುದು. ತಡವಾಗಿ ಬರುವವರನ್ನು ಮೊದಲನೆಯದು ಹಿಡಿಯುತ್ತದೆ, ಬರೆದುಕೊಳ್ಳುವ ಮೊದಲೇ ಓಡುವವರನ್ನು ಎರಡನೆಯದು. ಐದನೆಯದು, ನಡೆದದ್ದನ್ನೆಲ್ಲ ದಾಖಲೆಗೆ ಬರೆದು, ಆ ದಾಖಲೆಯನ್ನು ಸಾಲುಸಾಲಾಗಿ ಓದಿ, ಸೆಟಪ್ ಅಥವಾ ಹೋಲ್ಡ್ ತಪ್ಪಿದ ಒಂದು ಸಾಲು ಇದ್ದರೂ 'ಅನುತ್ತೀರ್ಣ' ಎಂದು ಹೇಳಿ ನಿಲ್ಲುವುದು. ಎಸ್‌ಡಿಎಫ್ ಕಡತ ಹೊದಿಕೆಯಾಗದಿದ್ದರೂ ನಿಲ್ಲಬೇಕು. ಏಕೆಂದರೆ ಆಗ ನಡೆಯುವುದು ವಿಳಂಬವಿಲ್ಲದ ನಟನೆ, ಅದರಲ್ಲಿ ಎಲ್ಲವೂ ತೇರ್ಗಡೆ.

ಹಳೆಯ ಕಡತದ ತಪ್ಪು ಮತ್ತೆ ನಡೆಯದಂತೆ ಹೀಗೆ ದಾರಿ ಮುಚ್ಚಿದೆ. ಜೊತೆಯವರು ನನ್ನ ಶಿಸ್ತನ್ನು ಹೊಗಳಿದರು. ಅದು ಯಾವ ಬೇರಿನಿಂದ ಹುಟ್ಟಿತೆಂದು ಯಾರಿಗೂ ಹೇಳಲಿಲ್ಲ.

ಹದಿಮೂರು ವರ್ಷ ಕಳೆಯಿತು. 2020ರ ಮಾರ್ಚ್ ತಿಂಗಳಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ನಾನು ಪನಮರಂ ಸಮೀಪದ ನಮ್ಮ ಮನೆಯಲ್ಲಿದ್ದೆ. ಆಗ ನಾನಿದ್ದ ಕಂಪನಿಯ ಕಂಪ್ಯೂಟರುಗಳು ಬೆಂಗಳೂರಿನಲ್ಲಿದ್ದವು. ನಮ್ಮ ಮನೆಯಲ್ಲಿ ಮೊಬೈಲ್ ಸಂಕೇತ ಸಿಗುತ್ತಿದ್ದುದು ಮೆಣಸಿನ ಬಳ್ಳಿ ಹಬ್ಬಿದ ಹಾಲುವಾಣ ಮರದ ಪಕ್ಕದ ಜಗಲಿಯಲ್ಲಿ ಮಾತ್ರ. ಪರದೆಯ ಚಿತ್ರಗಳನ್ನು ಅಷ್ಟು ದೂರದಿಂದ ಎಳೆದು ತರುವಷ್ಟು ಶಕ್ತಿ ಆ ಸಂಪರ್ಕಕ್ಕೆ ಇರಲಿಲ್ಲ. ಆದರೆ ಆಜ್ಞೆಯೆಂದರೆ ನಾಲ್ಕಾರು ಅಕ್ಷರಗಳು. ರಾತ್ರಿ ಊಟದ ಬಳಿಕ ಜಗಲಿಯಲ್ಲಿ ಕುಳಿತು ಒಂದು ಸಾಲು ಬರೆದು ಕಳುಹಿಸಿದರೆ ಸಾಕು, ಬೆಂಗಳೂರಿನಲ್ಲಿ ಸಿಮ್ಯುಲೇಶನ್ ಹೊರಡುತ್ತಿತ್ತು. ಸಂಪರ್ಕ ಕಡಿದುಹೋದರೂ, ಇಲ್ಲಿ ಕರೆಂಟು ಹೋದರೂ ಕೆಲಸ ನಿಲ್ಲದಂತೆ ಟಿಮಕ್ಸ್ ಎಂಬ ಸಾಧನ ಅಲ್ಲಿ ಅದನ್ನು ಕಾಯುತ್ತಿತ್ತು. ಬೆಳಿಗ್ಗೆ ಕಾಫಿಯ ಹೊತ್ತಿಗೆ ದಾಖಲೆಯ ಕೊನೆಯ ಸಾಲನ್ನು ತರಿಸಿ ಓದುತ್ತಿದ್ದೆ.

ಅಪ್ಪನಿಗೆ ಆಗ ಎಂಬತ್ತೊಂದು ವರ್ಷ. ಅವರು ಹತ್ತಿರ ಬಂದು ಕಪ್ಪು ಪರದೆಯ ಬಿಳಿ ಅಕ್ಷರಗಳನ್ನು ನೋಡಿ, "ಇದರಲ್ಲಿ ಒಂದು ಚಿತ್ರವೂ ಇಲ್ಲವಲ್ಲ ಮಗನೇ, ನೀನು ಮಾಡುವುದು ಲೆಕ್ಕ ಬರೆಯುವ ಕೆಲಸವೇ?" ಎಂದರು. ಬಂಡೀಪುರದ ಗೇಟಿನ ಉದಾಹರಣೆ ಕೊಟ್ಟು ವಿವರಿಸಿದೆ. ಅವರು ಕೂಡಲೇ ತಮ್ಮದೊಂದು ಉದಾಹರಣೆ ಕೊಟ್ಟರು. ರೊಬಸ್ಟಾ ಕಾಫಿ ಗಿಡಕ್ಕೆ ಫೆಬ್ರವರಿ ಮಾರ್ಚಿನಲ್ಲಿ ಹೂ ಅರಳಿಸುವ ಮಳೆ ಬೇಕು, ಆಮೇಲೆ ಕೆಲವು ವಾರಗಳೊಳಗೆ ಕಾಯಿ ಕಚ್ಚಿಸುವ ಇನ್ನೊಂದು ಮಳೆ ಬೇಕು. ಅದೇ ಮಳೆ ಜನವರಿಯಲ್ಲಿ, ಹಣ್ಣು ಕೊಯ್ದು ಕಣದಲ್ಲಿ ಹರಡಿರುವಾಗ ಬಂದರೆ ಬೆಳೆ ಬೂಸಲು ಹಿಡಿಯುತ್ತದೆ. "ಒಂದು ವರ್ಷ ಇಂಚಿನ ಲೆಕ್ಕದಲ್ಲಿ ಮಳೆ ಸರಿಯಾಗಿಯೇ ಇತ್ತು. ಗಿಡಕ್ಕೆ ಸರಿಯಿರಲಿಲ್ಲ. ಒಳಗೆ ಪುಸ್ತಕದಲ್ಲಿದೆ, ಬೇಕಾದರೆ ನೋಡು" ಎಂದರು.

ಅಪ್ಪನ ಪುಸ್ತಕಗಳನ್ನು ನಾನು ಅದುವರೆಗೆ ತೆರೆದು ನೋಡಿರಲಿಲ್ಲ. ವಯನಾಡಿನ ಕನ್ನಡದ ಮನೆಗಳಲ್ಲಿ ಶಾಲೆಯ ಓದು ಮಲಯಾಳದಲ್ಲಿ, ವ್ಯವಹಾರ ಮಲಯಾಳದಲ್ಲಿ. ಕನ್ನಡ ಉಳಿದದ್ದು ಅಡುಗೆಮನೆಯಲ್ಲಿ, ಬಸದಿಯಲ್ಲಿ, ಮತ್ತೆ ಇಂತಹ ಲೆಕ್ಕದ ಪುಸ್ತಕಗಳಲ್ಲಿ. ಅಪ್ಪ ಹರೆಯದಿಂದಲೂ ದಿನದ ಮಳೆ, ಕೊಯ್ಲಿನ ಅಳತೆ, ಆಳುಗಳ ಕೂಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದರು. ಓಡಾಟವಿಲ್ಲದ ಆ ದಿನಗಳಲ್ಲಿ ರಾತ್ರಿ ಸ್ಕ್ರಿಪ್ಟ್ ಓಡಿಸಿಬಿಟ್ಟು, ದಿನಕ್ಕೊಂದು ಪುಸ್ತಕದಂತೆ ಓದತೊಡಗಿದೆ.

1974ರ ಪುಸ್ತಕದಲ್ಲಿ, ಕೊಯ್ಲಿನ ಕಾಲದ ಒಂದು ದಿನ, ಒಬ್ಬ ಹೆಂಗಸಿನ ಹೆಸರಿನ ಮುಂದೆ ಬರೆದಿದ್ದ ಅಳತೆಯನ್ನು ಒಂದು ಗೆರೆಯಿಂದ ಹೊಡೆದುಹಾಕಲಾಗಿತ್ತು. ಹೊಡೆದುಹಾಕಿದ್ದರೂ ಅದನ್ನು ಓದಬಹುದಾಗಿತ್ತು. ಮರುದಿನದ ತಾರೀಖಿನಲ್ಲಿ ಅಪ್ಪ ಹೀಗೆ ಬರೆದಿದ್ದರು: 'ನಿನ್ನೆ ಅಳತೆ ಬರೆದುಕೊಂಡದ್ದು ನನ್ನ ತಪ್ಪು. ಈಕೆಗೆ ಇನ್ನು ಎರಡು ರೂಪಾಯಿ ಕೊಡತಕ್ಕದ್ದು. ಎಲ್ಲರ ಎದುರಿಗೆ ಕೊಟ್ಟಿದೆ.'

ಅಪ್ಪನಿಗೆ ತೋರಿಸಿದೆ. ಅವರಿಗೆ ಆ ದಿನದ ನೆನಪು ಇರಲಿಲ್ಲ. "ಎರಡು ರೂಪಾಯಿಗೆ ಇಷ್ಟೆಲ್ಲ ಬರೆಯಬೇಕಾಗಿತ್ತೇ ಅಪ್ಪ? ಸುಮ್ಮನೆ ಕೊಟ್ಟಿದ್ದರೆ ಸಾಲದೇ?" ಎಂದು ಕೇಳಿದೆ.

"ಸುಮ್ಮನೆ ಕೊಟ್ಟರೆ ದುಡ್ಡಿನ ಲೆಕ್ಕ ಸರಿಯಾಗುತ್ತಿತ್ತು. ಆದರೆ ಅವಳು ಕಡಿಮೆ ಕೊಯ್ದಳು, ಆಮೇಲೆ ಬೇಡಿ ದುಡ್ಡು ಇಸಿದುಕೊಂಡಳು ಎಂದು ಮೇಸ್ತ್ರಿ ನಾಲ್ಕು ಕಡೆ ಹೇಳುತ್ತಿದ್ದ. ಅವಳು ನಾಳೆ ಬೇರೆ ತೋಟಕ್ಕೂ ಹೋಗಬೇಕಲ್ಲ?" ಎಂದರು ಅಪ್ಪ. ಹೇಳಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಒಳಗೆ ಹೋದರು.

ಆ ರಾತ್ರಿ ನಿದ್ದೆ ಬರಲಿಲ್ಲ. ದುಡ್ಡಿನ ಲೆಕ್ಕದಂತೆ ನಾನೂ ಯಂತ್ರದ ಲೆಕ್ಕವನ್ನು ಸರಿಮಾಡಿದ್ದೆ. ಹುಡುಗಿಯ ಲೆಕ್ಕವನ್ನು ಹಾಗೆಯೇ ಬಿಟ್ಟಿದ್ದೆ. ಆ ಸಂಸ್ಥೆ ಈಗ ಇಲ್ಲ. ತಿದ್ದುವುದಕ್ಕೆ ವರದಿಯೂ ಉಳಿದಿಲ್ಲ. ಹಳೆಯ ಸಹೋದ್ಯೋಗಿಯೊಬ್ಬರಿಂದ ಅವಳ ದೂರವಾಣಿ ಸಂಖ್ಯೆಯನ್ನು ಪಡೆದು, ಎರಡು ದಿನ ಬಿಟ್ಟು, ಸಂಜೆ ಜಗಲಿಯಿಂದ ಕರೆ ಮಾಡಿದೆ. ಅವರು ಈಗ ಒಂದು ಪ್ರೌಢಶಾಲೆಯಲ್ಲಿ ಗಣಿತದ ಅಧ್ಯಾಪಕಿ. ಕುಶಲ ವಿಚಾರಿಸಿಕೊಂಡ ಮೇಲೆ ಹೇಳಿದೆ: "2007ರ ಆ ಯಂತ್ರದ ತಪ್ಪು ನಿಮ್ಮದಲ್ಲ. ನನ್ನದು. ನಾನು ಹಳೆಯ ಕಡತ ಹಾಕಿ ಪರೀಕ್ಷಿಸಿದ್ದೆ. ಅದು ನನಗೆ ಆಗಲೇ ಗೊತ್ತಾಗಿತ್ತು."

ಬಹಳ ಹೊತ್ತು ಮಾತಿರಲಿಲ್ಲ. ಸಂಪರ್ಕ ಕಡಿಯಿತೇನೋ ಎಂದುಕೊಂಡೆ. ಆಮೇಲೆ, "ಯಾವ ಕಡತ ಸರ್?" ಎಂದು ಕೇಳಿದರು.

ಹೇಳಿದೆ. ನಕ್ಷತ್ರ ಚಿಹ್ನೆಯ ಸಾಲು, ಸೋಮವಾರದ ಎಸ್‌ಡಿಎಫ್, ಗುರುವಾರದ ಜೋಡಣೆ ಎಲ್ಲವನ್ನೂ ಹೇಳಿದೆ. ಅವರು ನಡುನಡುವೆ ಪ್ರಶ್ನೆ ಕೇಳಿದರು. ಹದಿಮೂರು ವರ್ಷದ ಬಳಿಕವೂ ಆ ಸಂಕೇತಗಳ ಹೆಸರುಗಳು ಅವರ ನೆನಪಿನಲ್ಲಿದ್ದವು. ಕೊನೆಗೆ ಹೇಳಿದರು: "ನಾನು ಆ ಕೋಡನ್ನು ಮನೆಯಲ್ಲಿ ಕಾಗದದ ಮೇಲೆ ಬರೆದು ಎಷ್ಟು ಸಲ ನೋಡಿದ್ದೇನೋ ಸರ್. ತಪ್ಪು ಕಾಣಲಿಲ್ಲ. ಕಾಣದ್ದರಿಂದಲೇ, ಈ ಕೆಲಸ ನನಗೆ ಆಗದು ಎಂದು ತೀರ್ಮಾನಿಸಿದೆ." ಸ್ವಲ್ಪ ಹೊತ್ತು ಬಿಟ್ಟು, "ಆಗಲೇ ಹೇಳಿದ್ದರೆ ನಾನು ಬಿಡುತ್ತಿರಲಿಲ್ಲವೇನೋ. ಈಗ ಈ ಕೆಲಸವೂ ನನಗೆ ಇಷ್ಟವೇ" ಎಂದರು. ಕ್ಷಮೆ ಕೇಳಿದೆ. "ಹೇಳಿದಿರಲ್ಲ ಸರ್, ಒಳ್ಳೆಯದಾಯಿತು" ಎಂದರು. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ಹಾಗೆ ಹೇಳಬೇಕೆಂದು ನಿರೀಕ್ಷಿಸುವ ಅಧಿಕಾರವೂ ನನಗಿರಲಿಲ್ಲ.

ನಾನು ಕೊಟ್ಟ ಉತ್ತರ ಸರಿಯಾಗಿತ್ತು. ಅದು ಬರಬೇಕಾದ ಮಿಡಿತ ಹದಿಮೂರು ವರ್ಷ ಹಿಂದೆಯೇ ಕಳೆದುಹೋಗಿತ್ತು. ನನ್ನ ಕಸುಬಿನಲ್ಲಿ ತಡವಾಗಿ ಬಂದ ಸರಿಯುತ್ತರಕ್ಕೂ ತಪ್ಪುತ್ತರಕ್ಕೂ ಭೇದವಿಲ್ಲ. ಮನುಷ್ಯರ ನಡುವೆ ಅಷ್ಟು ಕಠಿಣವಾದ ಲೆಕ್ಕವಿಲ್ಲ ಎಂಬುದೊಂದೇ ಸಮಾಧಾನ. ಆದರೆ ಕಳೆದುಹೋದುದು ಹಿಂದಿರುಗುವುದಿಲ್ಲ ಎಂಬುದು ಎರಡೂ ಕಡೆ ನಿಜ.

ಈ ಕರೆಯ ಮರುದಿನ ನನ್ನ ಸ್ಕ್ರಿಪ್ಟಿಗೆ ಕೆಲವು ಸಾಲುಗಳನ್ನು ಸೇರಿಸಿದೆ. ಅದುವರೆಗೆ ಅದು 'ತೇರ್ಗಡೆ', 'ಅನುತ್ತೀರ್ಣ' ಎಂದಷ್ಟೇ ಹೇಳುತ್ತಿತ್ತು. ಈಗ ದಾಖಲೆಯ ತಲೆಯಲ್ಲಿ ಪರೀಕ್ಷೆಯನ್ನು ಓಡಿಸಿದವರ ಹೆಸರು, ವಿನ್ಯಾಸದ ತಾರೀಖು, ಎಸ್‌ಡಿಎಫ್ ಕಡತದ ತಾರೀಖು, ಲೆಕ್ಕಕ್ಕೆ ಹಿಡಿಯಬೇಡವೆಂದು ಬಿಟ್ಟ ದಾರಿಗಳ ಪಟ್ಟಿ ಮತ್ತು ಆ ಪಟ್ಟಿಯನ್ನು ಬರೆದವರ ಹೆಸರು, ಇಷ್ಟೂ ಬರುತ್ತವೆ. ದಾಖಲೆ ತಂಡದ ಎಲ್ಲರಿಗೂ ಹೋಗುತ್ತದೆ. ಅನುತ್ತೀರ್ಣವಾದ ರಾತ್ರಿಗಳ ದಾಖಲೆಗಳನ್ನೂ ಅಳಿಸುವುದಿಲ್ಲ.

ರಜೆಯಲ್ಲಿ ಊರಿಗೆ ಬರುವ ನಮ್ಮ ಹುಡುಗ ಹುಡುಗಿಯರು, ಅದರಲ್ಲೂ ತಲಪ್ಪುಳದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವವರು, ಕೆಲವೊಮ್ಮೆ ಮನೆಗೆ ಬಂದು ಈ ಕಸುಬಿನ ಗುಟ್ಟ ಕೇಳುತ್ತಾರೆ. ಮೌಸಿನಿಂದ ಮಾಡಿದುದನ್ನು ಒಮ್ಮೆ ಆಜ್ಞೆಯಾಗಿ ಬರೆದುನೋಡಿ, ನೀವು ನಿಜವಾಗಿ ಏನು ಮಾಡಿದಿರೆಂದು ಆಗ ನಿಮಗೇ ತಿಳಿಯುತ್ತದೆ ಎಂದು ಹೇಳುತ್ತೇನೆ. ಇನ್ನೊಂದು ಮಾತನ್ನೂ ಹೇಳುತ್ತೇನೆ. ತಪ್ಪು ತಿಳಿದ ದಿನವೇ, ಇಲ್ಲವೇ ಅದರ ಮರುದಿನ, ನಿಮ್ಮ ಹೆಸರು ಹಾಕಿ ಬರೆಯಿರಿ. ಒಂಬತ್ತು ಗಂಟೆಯೊಳಗೆ ಗೇಟು ದಾಟಿಬಿಡಿ. ಅದಕ್ಕೆ ಸಾಕ್ಷಿಯಾಗಿ ಅಪ್ಪನ 1974ರ ಪುಸ್ತಕವನ್ನು ತಂದು, ಗೆರೆ ಹೊಡೆದ ಆ ಸಾಲನ್ನು ತೋರಿಸುತ್ತೇನೆ. ಅವರಲ್ಲಿ ಕೆಲವರಿಗೆ ಕನ್ನಡ ಲಿಪಿ ಬಾರದು. ನಾನು ಓದಿ ಹೇಳುತ್ತೇನೆ.